ಬಸ್ಸಿನ ಹೊತ್ತನ್ನು ಬರೆದವರು

1801ರ ಮೊದಲ ತಿಂಗಳುಗಳಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್‌ಲೆಂಡಿನ ವೈದ್ಯ ಮಂಗಳೂರಿನಿಂದ ನೇತ್ರಾವತಿಯ ದಂಡೆ ಹಿಡಿದು ಮೂಡಣಕ್ಕೆ ಹೊರಟ. ಶ್ರೀರಂಗಪಟ್ಟಣ ಬಿದ್ದು ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಏನು ಮಾರಾಟವಾಗುತ್ತದೆ, ಯಾರು ಎಷ್ಟು ಕಂದಾಯ ಕೊಡುತ್ತಾರೆ ಎಂದು ನೋಡಿ ಬರೆದುಕೊಂಡು ಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಕಳಿಸಿದ್ದ. ಬಂಟ್ವಾಳದ ಸೀಮೆ ದಾಟಿ, ಬೆಳ್ತಂಗಡಿಯ ಬಳಿಯ ಜಮಲಾಬಾದ್ ಕೋಟೆಯ ಬುಡಕ್ಕೆ ಬಂದು (ಊರಿನವರ ಬಾಯಲ್ಲಿ ಅದು ಗಡಾಯಿಕಲ್ಲು), ಅಲ್ಲಿಂದ ತಿರುಗಿ ವೇಣೂರು, ಮೂಡುಬಿದಿರೆ, ಕಾರ್ಕಳದ ಮೇಲೆ ಉಡುಪಿಯ ಕಡೆಗೆ ಅವನು ಸಾಗಿದ. ಈ ಪ್ರವಾಸದ ದಿನಚರಿ 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಅದರಲ್ಲಿ ದೂರದ ಅಳತೆಗೋಲು ಒಂದು ದಿನದ ಪಯಣ. ಬೆಳಿಗ್ಗೆ ಡೇರೆ ಕಿತ್ತು ಹೊರಟರೆ ಎಲ್ಲಿಯವರೆಗೆ ಹೋಗಿ ಮತ್ತೆ ಡೇರೆ ಹೂಡಬಹುದೋ ಅಷ್ಟೇ ಆ ದಿನದ ಬರಹ.

ಅದೇ ಸುತ್ತನ್ನು ಈಗ ಬಸ್ಸಿನಲ್ಲಿ ಒಂದು ಹಗಲಿನಲ್ಲಿ ಮುಗಿಸಬಹುದು. ಮಂಗಳೂರಿನಿಂದ ಬಿ.ಸಿ. ರೋಡ್, ಅಲ್ಲಿಂದ ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆಯ ಮೇಲೆ ಬೆಳ್ತಂಗಡಿ, ಮತ್ತೆ ಗುರುವಾಯನಕೆರೆಗೆ ಬಂದು ವೇಣೂರಿನ ಮೇಲೆ ಮೂಡುಬಿದಿರೆ, ಅಲ್ಲಿಂದ ಕೈಕಂಬದ ದಾರಿಯಾಗಿ ಮರಳಿ ಮಂಗಳೂರು. ದಾರಿಯುದ್ದಕ್ಕೂ ಗಮನಿಸಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಬೆಳ್ತಂಗಡಿಯ ತನಕ ಸರ್ಕಾರಿ ನಿಗಮದ ಕೆಂಪು ಬಸ್ಸುಗಳು ಬೇಕಾದಷ್ಟು ಸಿಗುತ್ತವೆ. ಗುರುವಾಯನಕೆರೆಯಲ್ಲಿ ಮೂಡುಬಿದಿರೆಯ ಕಡೆಗೆ ತಿರುಗಿದರೆ ಬಹುಮಟ್ಟಿಗೆ ಖಾಸಗಿ ಬಸ್ಸುಗಳದ್ದೇ ರಾಜ್ಯ. ನೆಲ ಅದೇ, ಮಳೆ ಅದೇ, ಅಡಿಕೆ ತೋಟವೂ ಅದೇ, ತುಳುವೂ ಅದೇ. ಬಸ್ಸಿನ ಬಣ್ಣ ಮಾತ್ರ ಬದಲಾಗುತ್ತದೆ. ಹಾಗೆ ಬದಲಾಗುವಂತೆ ಮಾಡಿದವರು ಯಾರು?

ಈ ಪ್ರಶ್ನೆಗೆ ಬೇರೆ ದೇಶಗಳಲ್ಲಿ ಒಂದು ಹುದ್ದೆಯ ಹೆಸರು ಉತ್ತರವಾಗಿ ಸಿಗುತ್ತದೆ: ಸಾರಿಗೆ ಯೋಜಕ. ಅಮೆರಿಕದಲ್ಲಿ 1950ರ ದಶಕದಲ್ಲಿ ಡೆಟ್ರಾಯಿಟ್, ಶಿಕಾಗೊ ನಗರಗಳಲ್ಲಿ ಮನೆಮನೆಗೆ ಹೋಗಿ, ಯಾರು ಎಲ್ಲಿಂದ ಎಲ್ಲಿಗೆ ಯಾಕೆ ಹೋಗುತ್ತಾರೆ ಎಂದು ಕೇಳಿ, ಆ ಲೆಕ್ಕದ ಮೇಲೆ ರಸ್ತೆಯನ್ನೂ ರೈಲನ್ನೂ ಹಾಸುವ ದೊಡ್ಡ ಅಧ್ಯಯನಗಳು ನಡೆದವು. ಬ್ರಿಟನ್ನಿನಲ್ಲಿ 1963ರಲ್ಲಿ ನಗರಗಳ ವಾಹನ ದಟ್ಟಣೆಯ ಬಗ್ಗೆ ಹೆಸರಾಂತ ವರದಿಯೊಂದು ಬಂತು. ಅದನ್ನು ಸಿದ್ಧಪಡಿಸಿದವರ ಹೆಸರೂ ಬುಕಾನನ್, ಕಾಲಿನ್ ಬುಕಾನನ್. ಕರಾವಳಿಯನ್ನು ಸುತ್ತಿದ ಬುಕಾನನ್ನನಿಗೂ ಇವರಿಗೂ ಹೆಸರಿನ ಹೊರತು ನಂಟು ಹುಡುಕಬೇಕಾಗಿಲ್ಲ. ಆದರೆ ಇಬ್ಬರದೂ ಒಂದು ಬಗೆಯಲ್ಲಿ ಒಂದೇ ಕಸುಬು: ಜನ ಮತ್ತು ಸರಕು ಹೇಗೆ ಚಲಿಸುತ್ತವೆ ಎಂಬುದನ್ನು ಆಳುವವರಿಗಾಗಿ ಬರೆದಿಡುವುದು. ನಮ್ಮ ರಸ್ತೆ ಸಾರಿಗೆ ನಿಗಮಗಳಲ್ಲಿ ಆ ಕಸುಬು ಸಂಚಾರ ಶಾಖೆಯದ್ದು. ಮುಖ್ಯ ಸಂಚಾರ ವ್ಯವಸ್ಥಾಪಕರು, ವಿಭಾಗೀಯ ಸಂಚಾರ ಅಧಿಕಾರಿ, ಅವರ ಕೆಳಗೆ ಘಟಕ ವ್ಯವಸ್ಥಾಪಕರು, ಸಂಚಾರ ನಿರೀಕ್ಷಕರು, ಬಸ್ ನಿಲ್ದಾಣದ ಗೂಡಿನಲ್ಲಿ ಕೂತ ಸಂಚಾರ ನಿಯಂತ್ರಕರು. ಇವರಲ್ಲಿ ಯಾರನ್ನೂ ನಾವು ಯೋಜಕರೆಂದು ಕರೆಯುವುದಿಲ್ಲ. ಆದರೆ ಒಂದು ಊರಿನ ಬೆಳಗು ಎಷ್ಟು ಹೊತ್ತಿಗೆ ಶುರುವಾಗಬೇಕೆಂದು ತೀರ್ಮಾನಿಸುವವರಲ್ಲಿ ಇವರೂ ಸೇರುತ್ತಾರೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮಟ್ಟಿಗೆ ಇವರು ಬಹಳ ತಡವಾಗಿ ಬಂದವರು. ಇವರಿಗಿಂತ ಮೊದಲು ಹೊತ್ತನ್ನು ಬರೆದವರು ಬೇರೆ ಇದ್ದರು.

ಎಲ್ಲರಿಗಿಂತ ಮೊದಲು ಬರೆದದ್ದು ನದಿ. ಘಟ್ಟದ ಮೇಲಿನ ಕಾಫಿ, ಅಕ್ಕಿ ಹೇರೆತ್ತುಗಳ ಬೆನ್ನ ಮೇಲೆ, ಆಮೇಲೆ ಗಾಡಿಗಳಲ್ಲಿ ಬಂಟ್ವಾಳಕ್ಕೆ ಇಳಿಯುತ್ತಿದ್ದವು. ಅಲ್ಲಿಂದ ದೋಣಿಗಳಲ್ಲಿ ಮಂಗಳೂರಿಗೆ. ಉಪ್ಪು, ಒಣಮೀನು ಅದೇ ದಾರಿಯಲ್ಲಿ ಮೇಲಕ್ಕೆ. ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದಾಗ ಬಂಟ್ವಾಳವೆಂದರೆ ಈ ನದಿಪೇಟೆ. ಸಮುದ್ರ ಇಪ್ಪತ್ತೈದು ಕಿಲೋಮೀಟರ್ ದೂರವಿದ್ದರೂ ಬಂದರಿನಂತಿದ್ದ ಊರು. ಮಳೆಗಾಲದಲ್ಲಿ ನೇತ್ರಾವತಿ ಕೆಂಪಾಗಿ ಉಕ್ಕಿದಾಗ ವ್ಯಾಪಾರ ನಿಲ್ಲುತ್ತಿತ್ತು, ನೀರು ಇಳಿದಾಗ ಮತ್ತೆ ಶುರು. 1923ರ ಮತ್ತು 1974ರ ನೆರೆಗಳನ್ನು ಈ ಪೇಟೆ ಇಂದಿಗೂ ಮರೆತಿಲ್ಲ.

1907ರಲ್ಲಿ ಮದರಾಸಿನ ಕಡೆಯಿಂದ ರೈಲು ಮಂಗಳೂರಿಗೆ ಬಂತು, ಬಂದು ಅಲ್ಲೇ ನಿಂತಿತು. ಒಳನಾಡಿಗೆ ಅದು ಏನನ್ನೂ ಕೊಡಲಿಲ್ಲ. ಹಾಸನದ ಕಡೆಯಿಂದ ರೈಲು ಘಟ್ಟ ಇಳಿದು ಬಂಟ್ವಾಳವನ್ನು ಮುಟ್ಟಲು 1970ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. ನಡುವಿನ ಎಪ್ಪತ್ತು ವರ್ಷಗಳನ್ನು ತುಂಬಿದ್ದು ಮೋಟಾರು ಬಸ್ಸು. 1914ರ ಸುಮಾರಿಗೆ ಮಂಗಳೂರು ಮತ್ತು ಬಂಟ್ವಾಳದ ನಡುವೆ ಬಸ್ಸು ಓಡತೊಡಗಿತು. ಜಿಲ್ಲೆಯ ಬಸ್ಸಿನ ಚರಿತ್ರೆ ಶುರುವಾಗುವುದೇ ದೋಣಿಯ ಹಳೆಯ ದಾರಿಯ ಮಗ್ಗುಲಲ್ಲಿ ಎಂಬುದು ಆಕಸ್ಮಿಕವೇನಲ್ಲ. ಜನ ಆಗಲೇ ಎಲ್ಲಿ ಓಡಾಡುತ್ತಿದ್ದರೋ ಅಲ್ಲಿ ಬಂಡವಾಳ ಹಾಕುವವನಿಗೆ ಧೈರ್ಯ ಹೆಚ್ಚು. ಸಿ.ಪಿ.ಸಿ. ಎಂದೇ ಹೆಸರಾದ ಕೆನರಾ ಪಬ್ಲಿಕ್ ಕನ್ವೇಯನ್ಸ್, ಹನುಮಾನ್ ಟ್ರಾನ್ಸ್‌ಪೋರ್ಟ್, ಶಂಕರ ವಿಠಲ, ಹೀಗೆ ಕಂಪನಿಗಳು ಎದ್ದವು. ನಮ್ಮ ಅಜ್ಜ ಅಜ್ಜಿಯರ ಕಾಲದವರು ಬಸ್ಸಿಗೆ ಹೋಗುತ್ತೇನೆ ಎನ್ನುತ್ತಿರಲಿಲ್ಲ, ಸಿ.ಪಿ.ಸಿ.ಗೆ ಹೋಗುತ್ತೇನೆ, ಹನುಮಾನಿಗೆ ಹೋಗುತ್ತೇನೆ ಎನ್ನುತ್ತಿದ್ದರು. ಕಂಪನಿಯ ಹೆಸರೇ ಹೊತ್ತಿನ ಹೆಸರೂ ಆಗಿತ್ತು.

ಬಸ್ಸು ಬಂಟ್ವಾಳಕ್ಕೆ ಮಾಡಿದ್ದನ್ನು ನೋಡಬೇಕಾದರೆ ಒಂದು ಹೆಸರನ್ನು ಬಿಡಿಸಿ ನೋಡಿದರೆ ಸಾಕು. ಬಿ.ಸಿ. ರೋಡ್ ಎಂದರೆ ಬಂಟ್ವಾಳ ಕ್ರಾಸ್ ರೋಡ್. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಿಂದ ಬಂಟ್ವಾಳ, ಬೆಳ್ತಂಗಡಿ, ಚಾರ್ಮಾಡಿಯ ರಸ್ತೆ ಕವಲೊಡೆಯುವ ಜಾಗಕ್ಕೆ ಇದ್ದದ್ದು ಅಷ್ಟೇ ಗುರುತು, ಬಂಟ್ವಾಳಕ್ಕೆ ಹೋಗುವವರು ಇಳಿಯುವ ಕೂಡುರಸ್ತೆ. ಈಗ ತಾಲೂಕು ಕಚೇರಿಯೂ ಅಲ್ಲೇ, ನಿಗಮದ ಬಸ್ ನಿಲ್ದಾಣವೂ ಅಲ್ಲೇ. ಹಳೆಯ ಪೇಟೆ ನದಿಯ ಬದಿಯಲ್ಲಿ ತನ್ನ ಪಾಡಿಗೆ ಉಳಿಯಿತು. ಹತ್ತಿರದ ಪಾಣೆಮಂಗಳೂರಿನಲ್ಲಿ ಶತಮಾನ ದಾಟಿದ ಉಕ್ಕಿನ ಸೇತುವೆ ನಿಂತಿದೆ, ಪಕ್ಕದಲ್ಲೇ ಹೊಸ ಸೇತುವೆಯ ಮೇಲೆ ಹೆದ್ದಾರಿ ಓಡುತ್ತದೆ. ನದಿ ಕಟ್ಟಿದ ಪೇಟೆಯನ್ನು ಹಿಂದೆ ಸರಿಸಿ ಒಂದು ಬಸ್ ಸ್ಟಾಪು ತಾಲೂಕಿನ ಮುಖ್ಯಪಟ್ಟಣವಾಯಿತು. ಇದನ್ನು ಯಾವ ಯೋಜಕನೂ ಕಾಗದದ ಮೇಲೆ ಬರೆದಿರಲಿಲ್ಲ.

ನದಿಯ ಬಳಿಕ ಬರೆದದ್ದು ಕಾನೂನು. 1939ರ ಮೋಟಾರು ವಾಹನ ಕಾಯಿದೆ ಬರುವ ಮೊದಲು ಒಂದೇ ದಾರಿಯಲ್ಲಿ ಹತ್ತು ಬಸ್ಸುಗಳು ಒಂದೇ ಹೊತ್ತಿಗೆ ಹೊರಟು, ಪೈಪೋಟಿಯಲ್ಲಿ ದರ ಇಳಿಸಿ, ಕೊನೆಗೆ ಎಲ್ಲವೂ ಮುಳುಗುವ ಸ್ಥಿತಿ ದೇಶದ ಹಲವು ಕಡೆ ಇತ್ತು. ಕಾಯಿದೆ ಪರ್ಮಿಟ್ಟನ್ನು ಕಡ್ಡಾಯ ಮಾಡಿತು. ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಮುಂದೆ ಅರ್ಜಿ ಹಾಕಬೇಕು. ಸಾರ್ವಜನಿಕರ ಹಿತ, ಉಳಿತಾಯವಾಗುವ ಸಮಯ, ಆ ದಾರಿಯಲ್ಲಿ ಈಗಾಗಲೇ ಇರುವ ಬಸ್ಸುಗಳು ಸಾಲುತ್ತವೆಯೇ, ರಸ್ತೆಯ ಸ್ಥಿತಿ ಹೇಗಿದೆ, ಇವನ್ನೆಲ್ಲ ಪ್ರಾಧಿಕಾರ ತೂಗಿ ನೋಡಬೇಕು. ಓದಿದರೆ ಇದು ಯೋಜಕನ ಕೆಲಸದ ಪಟ್ಟಿಯೇ. ಆದರೆ ಅದು ಜಾರಿಗೆ ಬಂದ ರೀತಿ ಬೇರೆ. ಅರ್ಜಿ ಪ್ರಕಟವಾದ ಕೂಡಲೇ ಅದೇ ದಾರಿಯಲ್ಲಿ ಬಸ್ಸು ಓಡಿಸುತ್ತಿದ್ದವರು ತಕರಾರು ಹಾಕಬಹುದಿತ್ತು, ಹಾಕುತ್ತಿದ್ದರು. ವಕೀಲರು ಬರುತ್ತಿದ್ದರು, ಮೇಲ್ಮನವಿ ಹೋಗುತ್ತಿತ್ತು. ಪರ್ಮಿಟ್ಟು ಸಿಕ್ಕಿದ ಮೇಲೆ ಮತ್ತೊಂದು ಸುತ್ತು: ಹೊತ್ತು ಗೊತ್ತುಮಾಡುವ ಸಭೆ. ಬಸ್ಸಿನವರ ಭಾಷೆಯಲ್ಲಿ ಟೈಮಿಂಗ್ ಕಾನ್ಫರೆನ್ಸ್. ನನ್ನ ಬಸ್ಸಿಗಿಂತ ಮೂರು ನಿಮಿಷ ಮುಂಚೆ ನಿನ್ನ ಬಸ್ಸು ಹೊರಟರೆ ದಾರಿಯಲ್ಲಿ ಕಾದು ನಿಂತ ಜನವನ್ನೆಲ್ಲ ನೀನೇ ಹೆಕ್ಕಿಕೊಂಡು ಹೋಗುತ್ತೀಯ ಎಂಬುದು ಅಲ್ಲಿ ನಡೆಯುವ ವಾದದ ತಿರುಳು. ಹಾಗಾಗಿ ನಿಮಿಷಗಳ ಮೇಲೆ ಜಗಳ, ನಿಮಿಷಗಳ ಮೇಲೆ ರಾಜಿ.

ನಾನು ಸಂಶೋಧನೆಗೆ ಇಳಿದದ್ದು ಕರಾವಳಿಯ ಪೇಟೆಗಳು ಬೆಳೆದ ಬಗೆಯನ್ನು ತಿಳಿಯಲು. ಪೇಟೆಯ ಬೆನ್ನು ಹತ್ತಿದರೆ ರಸ್ತೆ, ರಸ್ತೆಯ ಬೆನ್ನು ಹತ್ತಿದರೆ ಬಸ್ಸು, ಬಸ್ಸಿನ ಬೆನ್ನು ಹತ್ತಿದರೆ ಈ ಸಭೆಗಳು. ಇತಿಹಾಸದ ವಿದ್ಯಾರ್ಥಿಗಳಾದ ನಾವು ಶಾಸನ, ಕಡತ, ಕಂದಾಯದ ಲೆಕ್ಕಗಳನ್ನು ಓದಲು ಕಲಿಯುತ್ತೇವೆ. ಬಸ್ಸಿನ ವೇಳಾಪಟ್ಟಿಯನ್ನು ಆಕರವೆಂದು ಓದಲು ಯಾರೂ ಕಲಿಸುವುದಿಲ್ಲ. ಅದರ ಒಂದೊಂದು ಸಾಲಿನ ಹಿಂದೆಯೂ ಗೆದ್ದವರು ಸೋತವರು ಇದ್ದಾರೆ. ಬಸ್ಸಿಗಾಗಿ ಕಾಯುತ್ತಿದ್ದವರು ಮಾತ್ರ ಆ ಸಭೆಯಲ್ಲಿ ಕಕ್ಷಿದಾರರಾಗಿ ಇರುತ್ತಿದ್ದದ್ದು ಬಹಳ ಕಡಿಮೆ.

ಈಗ ಬಣ್ಣದ ಪ್ರಶ್ನೆಗೆ ಬರಬಹುದು. ಅದಕ್ಕೆ ಉತ್ತರ 1956ರ ನವೆಂಬರ್ 1ರಲ್ಲಿದೆ. ಕನ್ನಡ ನಾಡು ಒಂದಾಯಿತು ಎಂದು ನಾವು ಹೇಳುವಾಗ ಭಾಷೆಯ ಕಣ್ಣಿನಿಂದ ನೋಡುತ್ತೇವೆ. ಬಸ್ಸಿನ ಕಣ್ಣಿನಿಂದ ನೋಡಿದರೆ ಅಂದು ಕೂಡಿದ್ದು ಬೇರೆ ಬೇರೆ ಚರಿತ್ರೆಯ ತುಂಡುಗಳು. ಹೈದರಾಬಾದ್ ಸಂಸ್ಥಾನ 1932ರಲ್ಲೇ ತನ್ನ ರೈಲ್ವೆಯ ಅಂಗವಾಗಿ 27 ಬಸ್ಸುಗಳಿಂದ ಸರ್ಕಾರಿ ಸಾರಿಗೆ ಶುರುಮಾಡಿತ್ತು; ಕಲಬುರಗಿ, ರಾಯಚೂರು, ಬೀದರ್ ಆ ಸಂಸ್ಥಾನದಿಂದ ಬಂದವು. ಮುಂಬೈ ಪ್ರಾಂತ 1948ರ ಜೂನ್‌ನಲ್ಲಿ ಪುಣೆ ಮತ್ತು ಅಹಮದ್‌ನಗರದ ನಡುವೆ ಸರ್ಕಾರಿ ಬಸ್ಸು ಓಡಿಸಿತು. ಧಾರವಾಡ, ಬೆಳಗಾವಿ, ವಿಜಯಪುರ ಅಲ್ಲಿಂದ ಬಂದವು. ಮೈಸೂರು ಸಂಸ್ಥಾನ ಅದೇ ವರ್ಷದ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಸರ್ಕಾರಿ ರಸ್ತೆ ಸಾರಿಗೆ ಇಲಾಖೆಯನ್ನು ತೆರೆಯಿತು. ಮದರಾಸು ಸರ್ಕಾರವೂ 1947ರಲ್ಲಿ ಬಸ್ಸನ್ನು ಕೈಗೆತ್ತಿಕೊಂಡಿತ್ತು, ಆದರೆ ಮದರಾಸು ನಗರದಲ್ಲಿ. ಆ ಪ್ರಾಂತದ ಪಡುವಣ ಮೂಲೆಯಲ್ಲಿದ್ದ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರುವಾಗ ಜೊತೆಗೆ ತಂದದ್ದು ಖಾಸಗಿ ಪರ್ಮಿಟ್ಟುಗಳ ಕಟ್ಟನ್ನು.

ಅದೇ 1956ರಲ್ಲಿ ಮೋಟಾರು ವಾಹನ ಕಾಯಿದೆಗೆ ಹೊಸ ಅಧ್ಯಾಯವೊಂದು ಸೇರಿತು. ಒಂದು ಪ್ರದೇಶವನ್ನೋ ದಾರಿಯನ್ನೋ ಸರ್ಕಾರಿ ಬಸ್ಸಿಗೇ ಮೀಸಲಿಡುವ ಯೋಜನೆಯನ್ನು ಸಾರಿಗೆ ಸಂಸ್ಥೆ ಪ್ರಕಟಿಸಬಹುದು, ತಕರಾರು ಕೇಳಿದ ಬಳಿಕ ಸರ್ಕಾರ ಅದನ್ನು ಒಪ್ಪಬಹುದು. ಬೆಂಗಳೂರಿನ ಪಕ್ಕದ ಆನೇಕಲ್ ಪ್ರದೇಶದ ಯೋಜನೆ 1960ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1961ರ ಆಗಸ್ಟಿನಲ್ಲಿ ಇಲಾಖೆ ನಿಗಮವಾಯಿತು, 1973ರ ನವೆಂಬರಿನಲ್ಲಿ ರಾಜ್ಯದ ಹೆಸರಿನೊಂದಿಗೆ ನಿಗಮದ ಹೆಸರೂ ಬದಲಾಗಿ ಇಂದಿನ ಕೆ.ಎಸ್.ಆರ್.ಟಿ.ಸಿ. ಆಯಿತು. ಹಳೆಯ ಮೈಸೂರಿನ ಹಲವು ಕಡೆ ಕೆಂಪು ಬಸ್ಸೇ ಬಸ್ಸು ಎಂಬ ಸ್ಥಿತಿ ನೆಲೆಗೊಂಡಾಗಲೂ ಕರಾವಳಿಯ ಒಳದಾರಿಗಳಲ್ಲಿ ಹಳೆಯ ಪರ್ಮಿಟ್ಟುಗಳು ಉಳಿದವು, ಮಾಲೀಕರು ಬದಲಾದರೂ ಉಳಿದವು. ಮುಂದೆ 1988ರ ಹೊಸ ಕಾಯಿದೆ ಪರ್ಮಿಟ್ಟನ್ನು ಸಡಿಲಗೊಳಿಸಿ, ಇರುವ ಬಸ್ಸಿನವರು ಹೊಸಬರಿಗೆ ಅಡ್ಡಬರುವ ಹಕ್ಕನ್ನು ತೆಗೆದಾಗ ಈ ದಾರಿಗಳಲ್ಲಿ ಬಸ್ಸುಗಳು ಇನ್ನೂ ಹೆಚ್ಚಿದವು.

ಹಾಗಾದರೆ ಬೆಳ್ತಂಗಡಿಗೆ ಕೆಂಪು ಬಸ್ಸು ಹೇಗೆ ಬಂತು? ನನ್ನ ತರ್ಕ ಹೀಗಿದೆ. ಸರ್ಕಾರಿ ಬಸ್ಸು ಈ ಜಿಲ್ಲೆಗೆ ಮೂಡಣದಿಂದ, ಘಟ್ಟ ಇಳಿದು ಬಂತು. ಬೆಂಗಳೂರು, ಮೈಸೂರು, ಹಾಸನ, ಚಿಕ್ಕಮಗಳೂರಿನಿಂದ ಹೊರಟ ಬಸ್ಸಿಗೆ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಇಳಿಯುವ ಕಾರಣ ಎರಡು: ಮಂಗಳೂರು, ಮತ್ತು ಧರ್ಮಸ್ಥಳ. ಯಾತ್ರಿಕರ ಬಸ್ಸಿಗೆ ರಾತ್ರಿ ನಿಲ್ಲಲು ಜಾಗ ಬೇಕು, ಡೀಸೆಲ್ ಬೇಕು, ಚಾಲಕನಿಗೆ ಬದಲಿ ಬೇಕು. ಧರ್ಮಸ್ಥಳದಲ್ಲಿ ಘಟಕ, ಬಿ.ಸಿ. ರೋಡಿನಲ್ಲಿ ಘಟಕ, ಎರಡೂ ಈಗ ನಿಗಮದ ಪುತ್ತೂರು ವಿಭಾಗಕ್ಕೆ ಸೇರಿವೆ. ಒಮ್ಮೆ ಘಟಕ ಬಂದರೆ ಸುತ್ತಲಿನ ಹಳ್ಳಿಗಳಿಗೂ ನಾಲ್ಕು ಬಸ್ಸು ಹೋಗುತ್ತವೆ. ದೂರದ ಯಾತ್ರಿಕನ ದಾರಿಯ ಬದಿಯಲ್ಲಿದ್ದ ಭಾಗ್ಯ ಬೆಳ್ತಂಗಡಿಯ ಹಳ್ಳಿಗಳಿಗೆ ಒದಗಿತು. ಮೂಡುಬಿದಿರೆಯೂ ಯಾತ್ರೆಯ ಊರೇ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯಿದೆ. ಆದರೆ ಅದಿರುವುದು ಮಂಗಳೂರು ಮತ್ತು ಕಾರ್ಕಳದ ನಡುವಿನ ದಾರಿಯಲ್ಲಿ, ಘಟ್ಟದ ಬಸ್ಸು ಇಳಿಯುವ ಎರಡು ಮುಖ್ಯ ದಾರಿಗಳಿಂದ ಆಚೆ. ಅಲ್ಲಿ ಘಟಕ ಹುಟ್ಟಲಿಲ್ಲ.

ಖಾಸಗಿ ಬಸ್ಸನ್ನು ದೂರುವುದು ಸುಲಭ. ಅದು ನನ್ನ ಉದ್ದೇಶವಲ್ಲ. ಮಂಗಳೂರಿನಿಂದ ಮೂಡುಬಿದಿರೆಗೆ ಹಗಲಿನಲ್ಲಿ ಬಸ್ಸಿಗಾಗಿ ಹೆಚ್ಚು ಹೊತ್ತು ಕಾಯಬೇಕಿಲ್ಲ. ರಾಜ್ಯದ ಎಷ್ಟೋ ತಾಲೂಕು ಕೇಂದ್ರಗಳಿಗೆ ಈ ಮಾತು ಹೇಳಲಾಗದು. ಟೈಮ್ ಕೀಪರ್ ಸೀಟಿ ಊದಿದರೆ ಬಸ್ಸು ಹೊರಡಲೇಬೇಕು, ಯಾಕೆಂದರೆ ಹಿಂದಿನ ಬಸ್ಸಿನವನು ಗಡಿಯಾರ ನೋಡುತ್ತಾ ನಿಂತಿರುತ್ತಾನೆ. ‘ದುಂಬು ಪೋಲೆ’ ಎಂದು ಜನರನ್ನು ಮುಂದೆ ತಳ್ಳುತ್ತಾ, ‘ರೈಟ್ ಪೋಯಿ’ ಎಂದು ಕೂಗುವ ಕಂಡಕ್ಟರನಿಗೆ ತನ್ನ ದಾರಿಯ ಜನ ಗೊತ್ತು: ಯಾವ ಮನೆಯ ಹುಡುಗಿ ಯಾವ ಕಾಲೇಜಿಗೆ, ಯಾವ ಅಮ್ಮ ಯಾವ ವಾರ ಆಸ್ಪತ್ರೆಗೆ. ಶಿಕಾಗೊದಲ್ಲಿ ಮನೆಮನೆ ಸುತ್ತಿ ಕೂಡಿಹಾಕಿದ ಮಾಹಿತಿ ಇವನ ತಲೆಯೊಳಗಿದೆ. ಬೇಡಿಕೆ ಇರುವಲ್ಲಿ ಬಸ್ಸು ಹಾಕುವುದರಲ್ಲಿ ಮಾಲೀಕನಷ್ಟು ಚುರುಕು ಯಾವ ಸರ್ಕಾರಿ ಕಚೇರಿಗೂ ಇಲ್ಲ.

ಆದರೆ ಮಾಲೀಕ ತನ್ನ ಒಂದು ಬಸ್ಸಿನ ಒಂದು ದಿನದ ಕಲೆಕ್ಷನ್ ನೋಡುತ್ತಾನೆ. ಸಹಜವೇ, ಅವನ ಸಾಲದ ಕಂತು ಅದರಿಂದಲೇ ಕಟ್ಟಬೇಕು. ಹಾಗಾಗಿ ಮುಖ್ಯದಾರಿಯಲ್ಲಿ ಬಸ್ಸಿನ ಹಿಂದೆ ಬಸ್ಸು, ಅಡ್ಡದಾರಿಯಲ್ಲಿ ಬೆಳಿಗ್ಗೆ ಒಂದು ಸಂಜೆ ಒಂದು. ಭಾನುವಾರ ಟ್ರಿಪ್ ಕಟ್. ಜನ ಕಡಿಮೆಯಾಗುವ ರಾತ್ರಿಯ ಹೊತ್ತಿಗೆ ಕೊನೆಯ ಬಸ್ಸು ಬೇಗ ಮುಗಿಯುತ್ತದೆ. ಆಮೇಲೆ ರಿಕ್ಷಾ, ಅಥವಾ ಯಾರದಾದರೂ ಬೈಕು. ಕೊರೊನಾದ ವರ್ಷ ಬಸ್ಸುಗಳು ನಿಂತಾಗ ಅನೇಕ ಮಾಲೀಕರು ತೆರಿಗೆ ತಪ್ಪಲೆಂದು ದಾಖಲೆಗಳನ್ನು ಆರ್.ಟಿ.ಓ. ಕಚೇರಿಗೆ ಒಪ್ಪಿಸಿ ಬಸ್ಸನ್ನು ಮನೆಯಂಗಳದಲ್ಲಿ ನಿಲ್ಲಿಸಿದರು. ಮುಖ್ಯದಾರಿಗಳಲ್ಲಿ ಬಸ್ಸುಗಳು ಬೇಗ ಮರಳಿದವು. ಅಡ್ಡದಾರಿಗಳಲ್ಲಿ ಮರಳದೇ ಹೋದವೂ ಇವೆ.

ನಿಗಮದ ಸಂಚಾರ ಅಧಿಕಾರಿಯ ಲೆಕ್ಕ ಇನ್ನೊಂದು ಬಗೆಯದು. ಅವರ ಭಾಷೆಯಲ್ಲಿ ಒಂದು ಬಸ್ಸು ಮತ್ತು ಅದರ ಸಿಬ್ಬಂದಿ ಒಂದು ಸರದಿಯಲ್ಲಿ ಮಾಡುವ ಕೆಲಸಕ್ಕೆ ಷೆಡ್ಯೂಲ್ ಎಂದು ಹೆಸರು, ಕಡತದ ಕನ್ನಡದಲ್ಲಿ ಅನುಸೂಚಿ. ಅದರ ಒಂದೊಂದು ಟ್ರಿಪ್ಪೂ ಎಷ್ಟು ಹೊತ್ತಿಗೆ ಎಲ್ಲಿಂದ ಹೊರಟು ಎಲ್ಲಿಗೆ ತಲುಪಬೇಕು, ನಡುವೆ ಎಷ್ಟು ಬಿಡುವು, ಒಟ್ಟು ಎಷ್ಟು ಕಿಲೋಮೀಟರ್ ಎಂಬುದನ್ನು ಫಾರಂ 4 ಎಂಬ ಹಾಳೆಯಲ್ಲಿ ಬರೆಯುತ್ತಾರೆ. ಚಾಲಕರೂ ನಿರ್ವಾಹಕರೂ ಮೇಲಿನವರೊಂದಿಗೆ ವಾದಕ್ಕೆ ಇಳಿಯುವುದು ಈ ಹಾಳೆಯ ಮೇಲೆಯೇ: ಈ ರಸ್ತೆಯಲ್ಲಿ ಇಷ್ಟು ನಿಮಿಷ ಸಾಲದು, ಊಟಕ್ಕೆ ಕೊಟ್ಟ ಬಿಡುವು ದಾರಿಯಲ್ಲೇ ಕರಗುತ್ತದೆ ಎಂದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯ ಪ್ರಕಾರ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಮೀರುವಂತಿರಲಿಲ್ಲ, ಐದು ಗಂಟೆ ಸತತ ದುಡಿದ ಮೇಲೆ ಅರ್ಧ ಗಂಟೆಯಾದರೂ ವಿರಾಮ ಬೇಕಿತ್ತು. ಈ ಗೆರೆಗಳೊಳಗೆ ಊರಿನ ಹೊತ್ತನ್ನು ಕೂಡಿಸಬೇಕಿತ್ತು.

ಇದು ಕಾಗದದ ಮೇಲಿನ ಆಟದಂತೆ ಕಾಣಬಹುದು. ರಾತ್ರಿ ತಂಗುವ ಬಸ್ಸನ್ನು ನೋಡಿದರೆ ಹಾಗಲ್ಲವೆಂದು ತಿಳಿಯುತ್ತದೆ. ಬೆಳ್ತಂಗಡಿ ತಾಲೂಕಿನ ದಿಡುಪೆ, ನೆರಿಯ, ಶಿಶಿಲದಂತಹ ಊರುಗಳು ಘಟ್ಟದ ಬುಡಕ್ಕೆ ಅಂಟಿಕೊಂಡಿವೆ. ಅಂತಹ ಊರೊಂದು ಘಟಕದಿಂದ ಇಪ್ಪತ್ತು ಕಿಲೋಮೀಟರ್ ದೂರವಿದೆ ಎಂದಿಟ್ಟುಕೊಳ್ಳಿ. ಅಲ್ಲಿಂದ ಬೆಳಿಗ್ಗೆ ಆರೂವರೆಗೆ ಬಸ್ಸು ಹೊರಡಬೇಕಾದರೆ ಘಟಕದಿಂದ ಐದೂವರೆಗೇ ಖಾಲಿ ಬಸ್ಸು ಓಡಬೇಕು, ರಾತ್ರಿ ಜನರನ್ನು ಬಿಟ್ಟ ಮೇಲೆ ಮತ್ತೆ ಖಾಲಿ ಮರಳಬೇಕು. ದಿನಕ್ಕೆ ನಲವತ್ತು ಕಿಲೋಮೀಟರ್ ಡೀಸೆಲ್ ಸುಟ್ಟು ಒಂದು ಟಿಕೆಟೂ ಇಲ್ಲ. ಇದಕ್ಕೆ ಡೆಡ್ ಕಿಲೋಮೀಟರ್ ಎನ್ನುತ್ತಾರೆ, ಸತ್ತ ದೂರ. ಬಸ್ಸು ರಾತ್ರಿ ಅಲ್ಲೇ ತಂಗಿದರೆ ಆ ದೂರ ಉಳಿಯುತ್ತದೆ. ಆದರೆ ಚಾಲಕ, ನಿರ್ವಾಹಕರು ಎಲ್ಲಿ ಮಲಗಬೇಕು? ಪಂಚಾಯತಿನ ಕೋಣೆಯೋ, ಶಾಲೆಯ ಜಗಲಿಯೋ, ಬಸ್ಸಿನದ್ದೇ ಉದ್ದ ಸೀಟೋ. ಊಟ ಎಲ್ಲಿ, ಶೌಚ ಎಲ್ಲಿ? ಅನೇಕ ಊರುಗಳಲ್ಲಿ ಹತ್ತಿರದ ಮನೆಯವರು ಗಂಜಿಯೂಟ ಕೊಟ್ಟು, ಬೆಳಿಗ್ಗೆ ಬಿಸಿನೀರು ಕಾಯಿಸಿ ಕೊಟ್ಟು ಬಸ್ಸನ್ನು ಉಳಿಸಿಕೊಂಡಿದ್ದಾರೆ. ಫಾರಂ 4ರಲ್ಲಿ ಆ ಬಿಸಿನೀರಿಗೆ ಕಾಲಂ ಇಲ್ಲ. ಆದರೆ ಅದಿಲ್ಲದಿದ್ದರೆ ಆರೂವರೆಯ ಬಸ್ಸಿಲ್ಲ, ಆರೂವರೆಯ ಬಸ್ಸಿಲ್ಲದಿದ್ದರೆ ಉಜಿರೆಯ ಕಾಲೇಜಿನ ಮೊದಲ ತರಗತಿಯೂ ಇಲ್ಲ.

ಸಂಚಾರ ಅಧಿಕಾರಿ ಆದಾಯವನ್ನೂ ನೋಡಬೇಕು. ಕಿಲೋಮೀಟರಿಗೆ ಎಷ್ಟು ಗಳಿಕೆ, ಎಷ್ಟು ಖರ್ಚು ಎಂಬ ಎರಡು ಅಂಕಿಗಳು ಅವರ ಮೇಜಿನ ಮೇಲೆ ಸದಾ ಇರುತ್ತವೆ. ಎರಡರ ನಡುವಿನ ಕಂದಕ ಅಗಲವಾದ ಷೆಡ್ಯೂಲುಗಳ ಮೇಲೆ ಕತ್ತಿ ತೂಗುತ್ತದೆ. ಅಂದರೆ ಸರ್ಕಾರಿ ಬಸ್ಸೂ ಕಲೆಕ್ಷನ್ನಿನ ಲೆಕ್ಕದಿಂದ ಹೊರಗಿಲ್ಲ. ವ್ಯತ್ಯಾಸವಿಷ್ಟೇ: ಬೆಂಗಳೂರಿನ ರಾತ್ರಿ ಬಸ್ಸು ತುಂಬಿ ಹೋದರೆ ಅದರ ದುಡ್ಡು ಶಿಶಿಲದ ಖಾಲಿ ಟ್ರಿಪ್ಪನ್ನು ಸ್ವಲ್ಪ ದಿನ ಸಾಕಬಲ್ಲದು. ಒಂದೇ ಬಸ್ಸಿನ ಮಾಲೀಕನಿಗೆ ಆ ಅನುಕೂಲವಿಲ್ಲ. ಇನ್ನು ಘಟ್ಟ ಕುಸಿದರೆ ಈ ಲೆಕ್ಕವೆಲ್ಲ ಒಂದೇ ರಾತ್ರಿಯಲ್ಲಿ ಚೆಲ್ಲಾಪಿಲ್ಲಿ. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಮುಚ್ಚಿತು. ಶಿರಾಡಿ ಎಷ್ಟು ಸಲ ಮುಚ್ಚಿ ತೆರೆದಿದೆಯೋ. ಒಂದು ಘಟ್ಟ ಮುಚ್ಚಿದರೆ ಬಸ್ಸುಗಳು ಇನ್ನೊಂದನ್ನು ಸುತ್ತಬೇಕು, ಗಂಟೆಗಳು ಹೆಚ್ಚುತ್ತವೆ, ಚಾಲಕನ ಎಂಟು ಗಂಟೆ ದಾರಿಯ ನಡುವೆಯೇ ಮುಗಿಯುತ್ತದೆ, ಅವನು ಮರಳಿ ಬಂದು ಮಾಡಬೇಕಿದ್ದ ಹಳ್ಳಿಯ ಟ್ರಿಪ್ಪು ರದ್ದಾಗುತ್ತದೆ. ಘಟ್ಟದ ಮಣ್ಣು ಜಾರಿದ್ದು ಚಾರ್ಮಾಡಿಯಲ್ಲಿ, ಬಸ್ಸು ತಪ್ಪಿದ್ದು ಕೆಳಗಿನ ಯಾವುದೋ ಹಳ್ಳಿಯಲ್ಲಿ.

ಇಷ್ಟು ವರ್ಷ ಬಸ್ಸಿನ ಬಣ್ಣ ಯಾವುದಾದರೇನು, ಬಸ್ಸು ಬಂದರೆ ಸಾಕು ಎಂದು ಜನ ಇದ್ದರು. 2023ರ ಜೂನ್ 11ರಂದು ಅದು ಬದಲಾಯಿತು. ಅಂದು ಶಕ್ತಿ ಯೋಜನೆ ಶುರುವಾಗಿ, ರಾಜ್ಯದ ಹೆಣ್ಣುಮಕ್ಕಳಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಕೆಂಪು ಬಸ್ಸು ಸಿಗುವ ಬೆಳ್ತಂಗಡಿಯ ಹಳ್ಳಿಯಿಂದ ಉಜಿರೆಯ ಅಂಗಡಿಗೆ ಕೆಲಸಕ್ಕೆ ಹೋಗುವ ಹೆಂಗಸಿಗೆ ಅದು ತಿಂಗಳ ಖರ್ಚಿನಲ್ಲಿ ಕಣ್ಣಿಗೆ ಕಾಣುವ ಉಳಿತಾಯ. ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವ ಅವಳ ಓರಗೆಯವಳಿಗೆ ಅದೇ ಕಾನೂನು ಇದ್ದರೂ ಹತ್ತಲು ಬಸ್ಸಿರಲಿಲ್ಲ. ಈ ಮೂರು ಊರುಗಳ ಸುತ್ತ ಬೀಡಿ ಕಟ್ಟುವ ಹೆಂಗಸರಿದ್ದಾರೆ, ಗೇರುಬೀಜದ ಕಾರ್ಖಾನೆಗೆ ಹೋಗುವವರಿದ್ದಾರೆ, ನರ್ಸಿಂಗ್ ಓದುವವರಿದ್ದಾರೆ. ಹೋಗಿಬರುವ ಬಸ್ ಚಾರ್ಜು ಅವರ ದಿನದ ದುಡಿಮೆಯಲ್ಲಿ ಸಣ್ಣ ಮೊತ್ತವಲ್ಲ. ಬೆಂಗಳೂರಿನಲ್ಲಿ ಯೋಜನೆ ಬರೆದವರ ಮನಸ್ಸಿನಲ್ಲಿ ರಾಜ್ಯವೆಲ್ಲ ಒಂದೇ ಇದ್ದೀತು. ಅದು ನೆಲಕ್ಕೆ ಇಳಿದಾಗ 1956ರ ಹಳೆಯ ಗಡಿ, ಯಾರೂ ನೆನಪಿಡದ ಮದರಾಸು ಪ್ರಾಂತದ ಗಡಿ, ಬಸ್ ಸ್ಟಾಪಿನಲ್ಲಿ ನಿಂತ ಹೆಂಗಸಿನ ಪರ್ಸಿನಲ್ಲಿ ಮತ್ತೆ ಮೂಡಿತು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ, ಅದು ನನ್ನಂಥ ದಾಖಲೆ ಹುಡುಕುವವರಿಗೆ ಬೇಗ ಕಾಣುತ್ತದೆ. ಉಚಿತ ಪ್ರಯಾಣವಾದರೂ ನಿರ್ವಾಹಕ ಶೂನ್ಯ ದರದ ಟಿಕೆಟನ್ನು ಹರಿದು ಕೊಡಲೇಬೇಕು. ಎಲ್ಲಿ ಹತ್ತಿದಳು, ಎಲ್ಲಿಗೆ ಟಿಕೆಟ್, ಎಷ್ಟು ಹೊತ್ತಿಗೆ ಎಂಬುದು ಯಂತ್ರದಲ್ಲಿ ದಾಖಲಾಗುತ್ತದೆ. ಹಳ್ಳಿಯ ಹೆಂಗಸರ ಓಡಾಟದ ಇಷ್ಟು ದೊಡ್ಡ ಕಡತ ಈ ಜಿಲ್ಲೆಯ ಚರಿತ್ರೆಯಲ್ಲಿ ಹಿಂದೆಂದೂ ಇರಲಿಲ್ಲ. ಯಾವ ದಾರಿಗೆ ಎಷ್ಟು ಬಸ್ಸು ಬೇಕೆಂದು ಯೋಜಿಸುವವರಿಗೆ ಅದು ಚಿನ್ನ. ಆದರೆ ಕೆಂಪು ಬಸ್ಸು ಓಡುವಲ್ಲಿ ಮಾತ್ರ ಅದು ಹುಟ್ಟುತ್ತದೆ. ಓಡದಿರುವಲ್ಲಿ ಬೇಡಿಕೆ ಇದೆಯೆಂದು ತೋರಿಸಲು ಲೆಕ್ಕವಿಲ್ಲ, ಲೆಕ್ಕವಿಲ್ಲದಿದ್ದರೆ ಬಸ್ಸಿಲ್ಲ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯ ಬಳಿಕ ಕರ್ನಾಟಕ 2007ರಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯವನ್ನು ತೆರೆಯಿತು; ಸಾರಿಗೆ ಯೋಜಕರೆಂದೇ ಓದಿ ಬಂದವರು ಅಲ್ಲಿದ್ದಾರೆ. ಅವರ ಹೆಸರಿನಲ್ಲೇ ನಗರವಿದೆ. ಗುರುವಾಯನಕೆರೆಗೋ ಸಿದ್ಧಕಟ್ಟೆಗೋ ಅಂಥವರು ಇಲ್ಲ. ಅಲ್ಲಿ ಯೋಜನೆಯೆಂದರೆ ಈಗಲೂ ಅರ್ಜಿ ಮತ್ತು ತಕರಾರು.

ಅರ್ಜಿಗಳಿಗೆ ಒಮ್ಮೊಮ್ಮೆ ಫಲವೂ ಸಿಗುತ್ತದೆ. ವರ್ಷಗಟ್ಟಲೆ ಕೇಳಿದ ಮೇಲೆ ಮಂಗಳೂರು, ಮೂಡುಬಿದಿರೆ, ಕಾರ್ಕಳದ ದಾರಿಯಲ್ಲಿ ನಿಗಮದ ಕೆಲವು ಬಸ್ಸುಗಳು ಈಚೆಗೆ ಕಾಣಿಸಿಕೊಂಡಿವೆ. ಖಾಸಗಿ ಬಸ್ಸಿನವರಿಗೆ ಆತಂಕವಿದೆ, ಅವರ ಆತಂಕ ಸುಳ್ಳಲ್ಲ. ಉಚಿತದ ಎದುರು ಟಿಕೆಟ್ಟಿನ ಬಸ್ಸು ಓಡಿಸಿ ಕಂತು ಕಟ್ಟುವುದು ಹೇಗೆ ಎಂಬುದಕ್ಕೆ ಯಾರ ಬಳಿಯೂ ಉತ್ತರವಿಲ್ಲ. ಮೇಲಿನ ಕೊಪ್ಪದಲ್ಲಿ 1991ರಿಂದ ಕಾರ್ಮಿಕರೇ ಸೇರಿ ನಡೆಸುತ್ತಿದ್ದ ಸಹಕಾರ ಸಾರಿಗೆ 2020ರಲ್ಲಿ ಬಾಗಿಲು ಮುಚ್ಚಿದಾಗ ಮಲೆನಾಡಿನ ಎಷ್ಟು ಊರುಗಳು ಬಸ್ಸಿಲ್ಲದೆ ನಿಂತವು ಎಂಬುದು ನೆನಪಿರುವವರು, ಇದ್ದ ಬಸ್ಸು ಹೋದರೆ ಏನಾಗುತ್ತದೆ ಎಂದು ಬಲ್ಲರು.

ಜೂನ್ ಬಂದು ಶಾಲೆ ಕಾಲೇಜು ಶುರುವಾದರೆ ಅರ್ಜಿಗಳ ಸುಗ್ಗಿ. ಪಂಚಾಯತಿನ ಮೊಹರಿನೊಂದಿಗೆ, ಶಿಕ್ಷಕರ ರಕ್ಷಕರ ಸಂಘದ ಸಹಿಗಳೊಂದಿಗೆ, ನೋಟ್‌ಬುಕ್ಕಿನ ಹಾಳೆಯಲ್ಲಿ ವಿದ್ಯಾರ್ಥಿಗಳೇ ಬರೆದದ್ದೂ ಸೇರಿ ಇಂಥ ಮನವಿಗಳು ಘಟಕಗಳಿಗೂ ವಿಭಾಗೀಯ ಕಚೇರಿಗೂ ತಲುಪುತ್ತವೆ. ಅವುಗಳಲ್ಲಿ ಹೊಸ ಬಸ್ಸು ಕೇಳುವವು ಇವೆ. ಅದಕ್ಕಿಂತ ಸಣ್ಣದನ್ನು ಕೇಳುವವೂ ಇವೆ: ಎಂಟೂ ನಲವತ್ತರ ಬಸ್ಸನ್ನು ಎಂಟೂಕಾಲಕ್ಕೆ ಬಿಡಿ, ಸಂಜೆಯ ಬಸ್ಸನ್ನು ಪ್ರಾಯೋಗಿಕ ತರಗತಿ ಮುಗಿಯುವವರೆಗೆ ಇಪ್ಪತ್ತು ನಿಮಿಷ ನಿಲ್ಲಿಸಿ, ಭಾನುವಾರದ ಟ್ರಿಪ್ಪನ್ನು ಕಟ್ ಮಾಡಬೇಡಿ. ಸಂಚಾರ ಅಧಿಕಾರಿ ಫಾರಂ 4ನ್ನು ಬಿಡಿಸಿಟ್ಟು, ಆ ಇಪ್ಪತ್ತು ನಿಮಿಷವನ್ನು ಚಾಲಕನ ಎಂಟು ಗಂಟೆಯೊಳಗೆ ಎಲ್ಲಿ ತುರುಕಬಹುದೆಂದು ಪೆನ್ಸಿಲಿನಲ್ಲಿ ಗುರುತು ಹಾಕಿ ನೋಡುತ್ತಾರೆ.